ಡಿಸೆಬಿಲಿಟಿ ಅಪೀಲಿನಲ್ಲಿ ಕೋರ್ಟಿನ ಗಡುವು ತಪ್ಪಿದರೆ ಏನು ಮಾಡಬೇಕು: ಅಮೆರಿಕದಲ್ಲಿರುವ ಕನ್ನಡಿಗರಿಗೆ

ಕಾಯಿಲೆಯಿಂದ ದುಡಿಯಲಾಗದವರಿಗೆ ಅಮೆರಿಕದ ಸೋಶಿಯಲ್ ಸೆಕ್ಯೂರಿಟಿ ಇಲಾಖೆ ಕೊಡುವ ಡಿಸೆಬಿಲಿಟಿ ಹಣ ನಮ್ಮ ಭಾವನಿಗೆ ಸಿಗಲಿಲ್ಲ, ಫೆಡರಲ್ ಕೋರ್ಟಿಗೆ ಹೋದೆವು. ಅವರ ಕೇಸಿನಲ್ಲಿ ಗಡುವು ತಪ್ಪಿದ್ದು ಸೋಮಾರಿತನದಿಂದ ಅಲ್ಲ, ಊರಿನ ಅಭ್ಯಾಸದಿಂದ. ನಮ್ಮ ಕಡೆ ಕೋರ್ಟು ಅಂದರೆ ತಾರೀಖು. ಕೇಸು ಹಾಕಿದ ಮೇಲೆ ತಾರೀಖು ಕೊಡುತ್ತಾರೆ, ಆ ದಿನ ಹೋಗಿ ನಿಲ್ಲುವುದು, ಮುಂದಿನ ತಾರೀಖು ಕೇಳಿಸಿಕೊಂಡು ಮನೆಗೆ ಬರುವುದು. ಅಮೆರಿಕದಲ್ಲೂ ಹಾಗೇ ಇರಬೇಕು ಅಂತ ಅಕ್ಕ, ಭಾವ, ನಾನು ಮೂವರೂ ಸುಮ್ನೆ ಕಾಯುತ್ತಾ ಕೂತೆವು. ಸೋಶಿಯಲ್ ಸೆಕ್ಯೂರಿಟಿಯವರು 900 ಚಿಲ್ಲರೆ ಪುಟದ ದಾಖಲೆ ತಂದು ಕೋರ್ಟಿಗೆ ಹಾಕಿದರು. ಸರಿ, ಇನ್ನು ಹಿಯರಿಂಗ್‌ಗೆ ಕರೆಯುತ್ತಾರೆ ಅಂದುಕೊಂಡೆವು. ಯಾರೂ ಕರೆಯಲಿಲ್ಲ. ಆ ದಾಖಲೆ ಬಿದ್ದ ದಿನದಿಂದ 30 ದಿನದೊಳಗೆ ನಾವೇ ನಮ್ಮ ವಾದ ಬರೆದು ಕೊಡಬೇಕಿತ್ತು. 49ನೇ ದಿನ ಜಡ್ಜ್ ಕಡೆಯಿಂದ ಕಾಗದ ಬಂತು: ಈ ಕೇಸನ್ನು ಯಾಕೆ ವಜಾ ಮಾಡಬಾರದು, ಕಾರಣ ತೋರಿಸಿ.

ಅವತ್ತು ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಒಂದೊಂದೇ ಕಲಿತೆವು. ನಾನು ವಕೀಲ ಅಲ್ಲ. ವಕೀಲರಿಲ್ಲದೆ ಕೇಸು ನಡೆಸುತ್ತಿರುವವರಿಗೆ, ಅಥವಾ ಅಂಥವರ ಪಕ್ಕ ಕೂತು ಇಂಗ್ಲಿಷ್ ಕಾಗದ ಓದಿ ಹೇಳುವ ತಮ್ಮ, ಮಗಳು, ಸೊಸೆಗೆ ಇದು.

ಯಾವ ಗಡುವು ತಪ್ಪಿದ್ದು ಅಂತ ಮೊದಲು ನೋಡಿ

'ಗಡುವು ತಪ್ಪಿತು' ಅಂತ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಆದರೆ ಗಡುವುಗಳು ಬೇರೆ ಬೇರೆ, ಅವನ್ನು ಕ್ಷಮಿಸುವ ಅಧಿಕಾರ ಇರುವವರೂ ಬೇರೆ ಬೇರೆ. ತಪ್ಪಾದ ಕಡೆ ಅರ್ಜಿ ಹಾಕಿದರೆ ಇರುವ ನಾಲ್ಕು ದಿನವೂ ಹೋಗುತ್ತದೆ.

ಅರ್ಜಿ ತಿರಸ್ಕಾರ ಆದರೆ ಮೊದಲು ಮರುಪರಿಶೀಲನೆ ಕೇಳಬೇಕು, ಆಮೇಲೆ ಸೋಶಿಯಲ್ ಸೆಕ್ಯೂರಿಟಿಯದೇ ಜಡ್ಜ್ ಮುಂದೆ ವಿಚಾರಣೆ, ಆಮೇಲೆ ಅಪೀಲ್ಸ್ ಕೌನ್ಸಿಲ್. ಇಷ್ಟೂ ಇಲಾಖೆಯ ಒಳಗೇ ನಡೆಯುತ್ತವೆ. ಪ್ರತಿ ಮೆಟ್ಟಿಲಿಗೂ 60 ದಿನ. ಅಪೀಲ್ಸ್ ಕೌನ್ಸಿಲ್ ಕೂಡ ಇಲ್ಲ ಅಂದ ಮೇಲೆ ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟಿಗೆ ಹೋಗಲು ಮತ್ತೆ 60 ದಿನ. ಕೋರ್ಟಿನ ಒಳಗೆ ಹೋದ ಮೇಲೆ ಬ್ರೀಫ್ (ಬರೆದ ವಾದ) ಕೊಡುವ ಗಡುವು. ತೀರ್ಪು ವಿರುದ್ಧ ಬಂದರೆ ಅದರ ಮೇಲಿನ ಸರ್ಕ್ಯೂಟ್ ಕೋರ್ಟಿಗೆ ಹೋಗುವ ಗಡುವು. ಕೈಯಲ್ಲಿರುವ ಕಾಗದದ ಮೇಲ್ಗಡೆ ಯಾರ ಹೆಸರಿದೆ ನೋಡಿ. ಅಪೀಲ್ಸ್ ಕೌನ್ಸಿಲ್ ಅಂತಿದ್ದರೆ ಒಂದು ದಾರಿ, ಡಿಸ್ಟ್ರಿಕ್ಟ್ ಕೋರ್ಟ್ ಅಂತ ಇದ್ದು ಕೇಸ್ ನಂಬರ್ ಇದ್ದರೆ ಇನ್ನೊಂದು.

ನಿಜಕ್ಕೂ ತಪ್ಪಿದೆಯಾ? ಇನ್ನೊಮ್ಮೆ ಎಣಿಸಿ

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಗಡುವು ಮುಗಿದೇ ಹೋಯಿತು ಅಂತ ಕೈಚೆಲ್ಲಿ ಕೂತವರಿಗೆ ಇನ್ನೂ ಎರಡು ಮೂರು ದಿನ ಉಳಿದಿರಬಹುದು.

ಅಪೀಲ್ಸ್ ಕೌನ್ಸಿಲ್ ಪತ್ರದ ಮೇಲಿನ ತಾರೀಖಿನಿಂದ 5 ದಿನಕ್ಕೆ ಅದು ನಿಮ್ಮ ಕೈಸೇರಿತು ಅಂತ ಕಾನೂನು ಭಾವಿಸುತ್ತದೆ. ಅದರ ಮಾರನೇ ದಿನದಿಂದ 60 ದಿನ ಎಣಿಸಬೇಕು. ಪತ್ರದ ತಾರೀಖು ಮಾರ್ಚ್ 3, 2025 ಅಂತಿಟ್ಟುಕೊಳ್ಳಿ. ಮಾರ್ಚ್ 8ಕ್ಕೆ ಸಿಕ್ಕಿತು ಅಂತ ಲೆಕ್ಕ. ಅಲ್ಲಿಂದ 60 ದಿನ ಅಂದರೆ ಮೇ 7. ಒಟ್ಟು 65 ದಿನ. ಕೊನೆಯ ದಿನ ಶನಿವಾರ, ಭಾನುವಾರ ಅಥವಾ ಸರ್ಕಾರಿ ರಜೆ ಆಗಿದ್ದರೆ ಮುಂದಿನ ಕೆಲಸದ ದಿನದವರೆಗೆ ಸಮಯ ಇರುತ್ತದೆ.

ಇಲ್ಲಿ ನಮ್ಮವರು ಬೀಳುವ ಹಳ್ಳ ಒಂದಿದೆ. 03/04/2025 ಅಂತ ಬರೆದರೆ ನಮಗೆ ಅದು ಏಪ್ರಿಲ್ 3. ಅಮೆರಿಕದವರಿಗೆ ಮಾರ್ಚ್ 4. ನಲವತ್ತು ವರ್ಷ ಊರಲ್ಲಿ ಇದ್ದು ಬಂದ ಕಣ್ಣು ಒಂದು ತಿಂಗಳು ಜಾಸ್ತಿ ಇದೆ ಅಂತ ಓದಿಬಿಡುತ್ತದೆ. ಕ್ಯಾಲೆಂಡರಿನಲ್ಲಿ ಯಾವಾಗಲೂ ತಿಂಗಳ ಹೆಸರನ್ನೇ ಬರೆಯಿರಿ.

ಪತ್ರ 5 ದಿನಕ್ಕಿಂತ ತಡವಾಗಿ ಬಂತು ಅನ್ನುವುದಾದರೆ ನೀವೇ ತೋರಿಸಿಕೊಡಬೇಕು. 'ನನಗೆ ಲೇಟಾಗಿ ಬಂತು' ಅಂತ ಬಾಯಿಮಾತು ಹೇಳಿದರೆ ಸಾಮಾನ್ಯವಾಗಿ ಸಾಲುವುದಿಲ್ಲ. ಅಂಚೆ ಮುದ್ರೆ ಇರುವ ಲಕೋಟೆ ಬೇಕು, ಅಥವಾ ತಪ್ಪು ವಿಳಾಸಕ್ಕೆ ಹೋಗಿ ವಾಪಸ್ ಬಂದ ಗುರುತು ಬೇಕು. ಆದ್ದರಿಂದ ಲಕೋಟೆ ಎಸೆಯಬೇಡಿ. ಅಕ್ಕ ಎಲ್ಲ ಲಕೋಟೆಯ ಹಿಂದೆಯೂ ದಿನಸಿ ಪಟ್ಟಿ ಬರೆದು ಎಸೆಯುತ್ತಿದ್ದಳು, ಈಗ ಒಂದು ಶೂ ಡಬ್ಬಿಯಲ್ಲಿ ಜೋಡಿಸಿಡುತ್ತಾಳೆ.

ಇನ್ನೊಂದು, ಊರಿಗೆ ಹೋಗುವ ವಿಷಯ. ಎರಡು ತಿಂಗಳು ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ 60 ದಿನ ಪೂರ್ತಿ ಕಳೆದಿರುತ್ತದೆ. ಯುಎಸ್‌ಪಿಎಸ್‌ನವರು ಟಪಾಲು ಹಿಡಿದಿಡುವುದು ಹೆಚ್ಚೆಂದರೆ 30 ದಿನ. ಅವರದೇ ಇನ್‌ಫಾರ್ಮ್ಡ್ ಡೆಲಿವರಿ ಅಂತ ಉಚಿತ ಸೇವೆ ಇದೆ, ಬರುವ ಪತ್ರದ ಹೊರಮುಖದ ಚಿತ್ರ ಇಮೇಲ್‌ಗೆ ಬರುತ್ತದೆ. ಅದನ್ನು ಹಾಕಿಸಿಕೊಂಡು, ಪಕ್ಕದ ಮನೆಯವರಿಗೋ ಸ್ನೇಹಿತರಿಗೋ ಟಪಾಲು ಡಬ್ಬಿಯ ಕೀ ಕೊಟ್ಟು ಹೋಗಿ.

ಕೋರ್ಟಿಗೆ ಹೋಗುವ 60 ದಿನ ನಾಳೆ ಮುಗಿಯುತ್ತದೆ, ಏನೂ ತಯಾರಿಲ್ಲ

ಹೆದರಬೇಡಿ, ಇದು ಒಂದು ಸಂಜೆಯ ಕೆಲಸ. ದೂರು ಅಂದರೆ ಕಂಪ್ಲೇಂಟ್ ದೊಡ್ಡದಾಗಿ ಇರಬೇಕಾಗಿಲ್ಲ. ಸೋಶಿಯಲ್ ಸೆಕ್ಯೂರಿಟಿ ಕೇಸುಗಳಿಗೆ ಅಂತಲೇ 2022ರ ಡಿಸೆಂಬರ್ 1ರಿಂದ ಪ್ರತ್ಯೇಕ ನಿಯಮಗಳು ಜಾರಿಯಲ್ಲಿವೆ. ಅವುಗಳ ಪ್ರಕಾರ ನಿಮ್ಮ ಹೆಸರು, ನೀವಿರುವ ಕೌಂಟಿ, ಯಾವ ತೀರ್ಮಾನದ ವಿರುದ್ಧ ಬಂದಿದ್ದೀರಿ, ಯಾರ ದುಡಿಮೆಯ ದಾಖಲೆಯ ಮೇಲೆ ಕೇಳುತ್ತಿದ್ದೀರಿ, ಯಾವ ಸೌಲಭ್ಯ, ಇಷ್ಟು ಇದ್ದರೆ ಸಾಕು. ತೀರ್ಮಾನ ಯಾಕೆ ತಪ್ಪು ಅನ್ನುವ ವಾದ ಆಮೇಲೆ ಬರೆಯಬಹುದು. ಫೆಡರಲ್ ಕೋರ್ಟುಗಳ ಜಾಲತಾಣದಲ್ಲಿ 'ಪ್ರೊ ಸೆ 13' ಅಂತ ಒಂದು ಫಾರಂ ಇದೆ, ಇದಕ್ಕೇ ಮಾಡಿದ್ದು. ಪೂರ್ತಿ ಸೋಶಿಯಲ್ ಸೆಕ್ಯೂರಿಟಿ ನಂಬರನ್ನು ಮಾತ್ರ ಕೋರ್ಟಿನ ಕಾಗದದಲ್ಲಿ ಬರೆಯಬೇಡಿ.

ಶುಲ್ಕ 405 ಡಾಲರ್. ಕೆಲಸ ಹೋಗಿ ಕೂತವರ ಹತ್ತಿರ ಅಷ್ಟು ಎಲ್ಲಿಂದ ಬರಬೇಕು? ಕಟ್ಟಲಾಗದು ಅಂತ ಆದಾಯ ಖರ್ಚು ತೋರಿಸಿ ವಿನಾಯಿತಿ ಕೇಳುವ ಫಾರಂ ಇದೆ, ಎಒ 240 ಅಂತ. ದೂರಿನ ಜೊತೆಗೇ ಅದನ್ನೂ ಕೊಡಿ. ದುಡ್ಡು ಹೊಂದಿಸಿಕೊಂಡು ಆಮೇಲೆ ಹೋಗೋಣ ಅಂತ ಗಡುವು ಕಳೆದುಕೊಳ್ಳಬೇಡಿ.

ಅಂಚೆಯಲ್ಲಿ ಕಳಿಸುವುದಾದರೆ ನೀವು ಪೆಟ್ಟಿಗೆಗೆ ಹಾಕಿದ ದಿನ ಲೆಕ್ಕಕ್ಕಿಲ್ಲ, ಕ್ಲರ್ಕ್ ಆಫೀಸಿಗೆ ಮುಟ್ಟಿದ ದಿನವೇ ಲೆಕ್ಕ. ನಾಳೆ ಕೊನೆಯ ದಿನ ಅಂದರೆ ಕಾರಿನಲ್ಲಿ ಕೂತು ಹೋಗಿ ಕೌಂಟರಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡು ಬನ್ನಿ.

60 ದಿನ ಮುಗಿದೇ ಹೋಗಿದ್ದರೆ

ಆಗಲೂ ಒಂದು ಬಾಗಿಲು ಇದೆ, ಅದು ಕೋರ್ಟಿನಲ್ಲಿಲ್ಲ. ಅಪೀಲ್ಸ್ ಕೌನ್ಸಿಲ್‌ಗೇ ಬರೆದು, ಕೋರ್ಟಿಗೆ ಹೋಗಲು ಸಮಯ ವಿಸ್ತರಿಸಿ ಅಂತ ಕೇಳಬಹುದು. ಬರವಣಿಗೆಯಲ್ಲೇ ಕೇಳಬೇಕು, ಕಾರಣ ಹೇಳಬೇಕು. ಯಾವ ವಿಳಾಸ ಅನ್ನುವುದು ಅವರ ಪತ್ರದಲ್ಲೇ ಇರುತ್ತದೆ. ಫ್ಯಾಕ್ಸ್ ಮಾಡಿದರೆ ಹೋಯಿತು ಅನ್ನುವ ಚೀಟಿ ತೆಗೆದಿಡಿ, ಅಂಚೆಯಾದರೆ ರಸೀದಿ.

ಒಪ್ಪುವ ಕಾರಣಗಳು ಯಾವುವು ಅಂತ ಇಲಾಖೆಯ ನಿಯಮದಲ್ಲೇ ಇದೆ. ಗಂಭೀರ ಕಾಯಿಲೆ, ಮನೆಯಲ್ಲಿ ಸಾವು ಅಥವಾ ಜೋರು ಕಾಯಿಲೆ, ಬೆಂಕಿಯಲ್ಲಿ ಕಾಗದ ಸುಟ್ಟುಹೋದದ್ದು, ಇಲಾಖೆಯವರೇ ತಪ್ಪು ಮಾಹಿತಿ ಕೊಟ್ಟದ್ದು, ನೋಟಿಸೇ ಬರದಿದ್ದದ್ದು, ಒಳ್ಳೆಯ ಮನಸ್ಸಿನಿಂದಲೇ ಬೇರೆ ಸರ್ಕಾರಿ ಕಚೇರಿಗೆ ಅರ್ಜಿ ಕಳಿಸಿಬಿಟ್ಟದ್ದು. ಇವುಗಳ ಜೊತೆ ನಮ್ಮವರು ಗಮನಿಸದ ಒಂದು ಮಾತಿದೆ. ದೇಹದ, ಮನಸ್ಸಿನ, ಓದಿನ ಅಥವಾ ಭಾಷೆಯ ತೊಡಕಿನಿಂದ ಗಡುವು ಅರ್ಥವಾಗಲಿಲ್ಲವೇ ಅನ್ನುವುದನ್ನೂ ಅವರು ನೋಡಬೇಕು. ಇಂಗ್ಲಿಷ್ ಸರಿಯಾಗಿ ಬಾರದಿರುವುದು ಆ ನಿಯಮದಲ್ಲಿ ನೇರವಾಗಿ ಬರೆದ ಕಾರಣ. ಹಾಸನದಿಂದ ಬಂದು ಮಗನ ಮನೆಯಲ್ಲಿರುವ, ಕನ್ನಡ ಬಿಟ್ಟು ಬೇರೆ ಓದಲು ಬಾರದ ಅಮ್ಮನಿಗೆ ಎಸ್‌ಎಸ್‌ಐ (ಆದಾಯ ಕಡಿಮೆ ಇರುವ ವೃದ್ಧರಿಗೂ ಅಂಗವಿಕಲರಿಗೂ ಇಲಾಖೆ ಕೊಡುವ ಹಣ) ನಿಂತುಹೋದ ಪತ್ರ ಬಂದಿದ್ದರೆ, ಅದನ್ನು ಹೇಳಿಕೊಳ್ಳಲು ನಾಚಿಕೆ ಬೇಡ. ಆದರೆ ಮನೆಯಲ್ಲಿ ಸಾಫ್ಟ್‌ವೇರ್ ಮಗ ಇದ್ದ ಅಂತ ಅವರಿಗೂ ಗೊತ್ತಿರುತ್ತದೆ, ಆ ಪತ್ರ ಅವನ ಕಣ್ಣಿಗೆ ಯಾಕೆ ಬೀಳಲಿಲ್ಲ ಅನ್ನುವುದನ್ನೂ ಬರೆಯಿರಿ.

ಖಿನ್ನತೆ, ಮರೆವು, ಸ್ಕಿಜೋಫ್ರೇನಿಯಾ ಇಂಥ ಕಾಯಿಲೆ ಇರುವವರಿಗೆ ಎಸ್‌ಎಸ್‌ಆರ್ 91-5ಪಿ ಅನ್ನುವ ಇಲಾಖೆಯ ಆದೇಶ ಇದೆ. ಮನಸ್ಸಿನ ಸ್ಥಿತಿಯಿಂದಾಗಿ ಅಪೀಲು ಹೇಗೆ ಮಾಡಬೇಕು ಅಂತ ಅರ್ಥವಾಗಿರಲಿಲ್ಲ, ನೋಡಿಕೊಳ್ಳುವ ಪೋಷಕರೋ ವಕೀಲರೋ ಜವಾಬ್ದಾರಿ ಹೊತ್ತಿರಲಿಲ್ಲ ಅಂತಾದರೆ ತಡವನ್ನು ಒಪ್ಪಬೇಕು ಅಂತ ಅದು ಹೇಳುತ್ತದೆ. ಪತ್ರದಲ್ಲಿ ಆ ನಂಬರನ್ನು ಬರೆಯಿರಿ. ಡಾಕ್ಟರ ಹತ್ತಿರ ಆ ತಿಂಗಳುಗಳ ಸ್ಥಿತಿ ಹೇಗಿತ್ತು ಅಂತ ಎರಡು ಪ್ಯಾರಾ ಬರೆಸಿ ಲಗತ್ತಿಸಿ.

ಅಪೀಲ್ಸ್ ಕೌನ್ಸಿಲ್ ಒಪ್ಪದಿದ್ದರೆ? 1986ರಲ್ಲಿ ಬೋವೆನ್ ವಿರುದ್ಧ ಸಿಟಿ ಆಫ್ ನ್ಯೂಯಾರ್ಕ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಈ 60 ದಿನ ಕಲ್ಲಿನ ಗೋಡೆ ಅಲ್ಲ, ನ್ಯಾಯದ ದೃಷ್ಟಿಯಿಂದ ಸಡಿಲಿಸಬಹುದು ಅಂತ ಹೇಳಿದೆ. ಆದರೆ ಆಸೆ ಇಟ್ಟುಕೊಳ್ಳುವ ಮುಂಚೆ ತಿಳಿದಿರಲಿ, ಜಡ್ಜ್‌ಗಳು ಇದನ್ನು ಅಪರೂಪಕ್ಕೆ ಮಾಡುತ್ತಾರೆ. ನೀವು ಬಿಡದೆ ಪ್ರಯತ್ನ ಮಾಡಿದ್ದೂ ಕಾಣಬೇಕು, ನಿಮ್ಮ ಕೈಮೀರಿದ ಅಡ್ಡಿಯೂ ಕಾಣಬೇಕು. ಊರಿನ ಕೋರ್ಟುಗಳಲ್ಲಿ ವಿಳಂಬ ಮನ್ನಾ ಅರ್ಜಿ ಹಾಕಿ ವರ್ಷಗಟ್ಟಲೆ ತಡವನ್ನೂ ಮಾಫಿ ಮಾಡಿಸಿಕೊಂಡ ಕತೆ ಕೇಳಿ ಬೆಳೆದವರು ನಾವು. ಆ ಧೈರ್ಯ ಇಲ್ಲಿ ಬೇಡ.

ಒಂದು ಒಳ್ಳೆಯ ಸುದ್ದಿ ಇದೆ. ಜಡ್ಜ್ ವಿಚಾರಣೆ ಮುಗಿದ ಮೇಲೆ ಅಪೀಲ್ಸ್ ಕೌನ್ಸಿಲ್‌ಗೆ ತಡವಾಗಿ ಹೋದಿರಿ, ತಡ ಅಂತಲೇ ಅವರು ವಜಾ ಮಾಡಿದರು ಅಂದುಕೊಳ್ಳಿ. ಆ ವಜಾವನ್ನೇ ಕೋರ್ಟಿನಲ್ಲಿ ಪ್ರಶ್ನಿಸಬಹುದು. 2019ರ ಸ್ಮಿತ್ ವಿರುದ್ಧ ಬೆರಿಹಿಲ್ ತೀರ್ಪು ಬಂದ ಮೇಲೆ ಇದರಲ್ಲಿ ಗೊಂದಲ ಉಳಿದಿಲ್ಲ.

ಕೋರ್ಟಿನ ಒಳಗೆ ಬ್ರೀಫ್ ಗಡುವು ತಪ್ಪಿದರೆ

ನಾವು ಬಿದ್ದದ್ದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೊಸ ನಿಯಮಗಳ ಪ್ರಕಾರ ಇಂಥ ಕೇಸಿನ ತೀರ್ಮಾನ ಆಗುವುದು ಬ್ರೀಫ್‌ಗಳ ಮೇಲೆ, ಅಂದರೆ ಎರಡೂ ಕಡೆಯವರ ಲಿಖಿತ ವಾದದ ಮೇಲೆ. ಸಾಕ್ಷಿ ಕರೆಯುವುದಿಲ್ಲ, ನಿಮ್ಮ ಬೆನ್ನುನೋವನ್ನು ಜಡ್ಜ್ ಕಣ್ಣಾರೆ ನೋಡುವುದಿಲ್ಲ. ನೀವು ದೂರು ಕೊಟ್ಟ ಸುದ್ದಿಯನ್ನು ಕೋರ್ಟೇ ಇಲಾಖೆಗೆ ಮುಟ್ಟಿಸುತ್ತದೆ. ಅವರು 60 ದಿನದೊಳಗೆ ಉತ್ತರ ಕೊಡಬೇಕು, ಎಷ್ಟೋ ಸಲ ಆ ಉತ್ತರ ಅಂದರೆ ಬರೀ ದಾಖಲೆಯ ಕಟ್ಟು. ಅದು ಬಿದ್ದ ದಿನದಿಂದ ನಿಮಗೆ 30 ದಿನ. ಬಳಿಕ ಅವರಿಗೆ 30, ಅದಕ್ಕೆ ಮರು ಉತ್ತರ ಕೊಡಲು ನಿಮಗೆ 14. ಜಡ್ಜ್ ಬೇರೆ ವೇಳಾಪಟ್ಟಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಗಡಿಯಾರ ಓಡಲು ಶುರುವಾಯಿತು ಅಂತ ಯಾರೂ ಫೋನ್ ಮಾಡುವುದಿಲ್ಲ.

ಗಡುವು ತಪ್ಪುವ ಮೊದಲೇ ಸಮಯ ಕೇಳಿದರೆ ಒಳ್ಳೆಯ ಕಾರಣ ಒಂದಿದ್ದರೆ ಸಾಕು. ತಪ್ಪಿದ ಮೇಲೆ ಕೇಳಿದರೆ ಮೆಟ್ಟಿಲು ಎತ್ತರ. ಅಜಾಗರೂಕತೆ ಆಯಿತು ನಿಜ, ಆದರೆ ಅದು ಕ್ಷಮಿಸುವಂಥದ್ದು ಅಂತ ತೋರಿಸಬೇಕು. 1993ರ ಪಯೋನೀರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ನಾಲ್ಕು ಅಂಶಗಳನ್ನು ಜಡ್ಜ್‌ಗಳು ನೋಡುತ್ತಾರೆ: ತಡದಿಂದ ಎದುರು ಕಡೆಗೆ ಎಷ್ಟು ತೊಂದರೆ ಆಯಿತು, ಎಷ್ಟು ದಿನ ತಡ ಮತ್ತು ಕೇಸಿಗೆ ಅದರಿಂದ ಏನಾಯಿತು, ಕಾರಣ ಏನು ಮತ್ತು ಅದು ನಿಮ್ಮ ಕೈಯಲ್ಲಿತ್ತಾ, ನೀವು ಪ್ರಾಮಾಣಿಕವಾಗಿ ನಡೆದುಕೊಂಡಿರಾ. ಆ ಕೇಸಿನಲ್ಲಿ ಕಾಗದ ಬಂದದ್ದು 20 ದಿನ ತಡವಾಗಿ, ಒಪ್ಪಿಕೊಂಡರು. ಅದೇ ತೀರ್ಪಿನಲ್ಲಿ ಒಂದು ಕಹಿ ಮಾತೂ ಇದೆ. ನಿಯಮ ಗೊತ್ತಿರಲಿಲ್ಲ ಅನ್ನುವುದು ಸಾಮಾನ್ಯವಾಗಿ ಸಾಕಾಗುವ ಕಾರಣ ಅಲ್ಲ.

ನಮ್ಮ ಮುಖ್ಯ ಕಾರಣವೇ ಅದಾಗಿತ್ತಲ್ಲ! ಅಕ್ಕ 'ನಮಗೆ ಗೊತ್ತಾಗಲಿಲ್ಲ ಅಂತ ಬರೆದುಬಿಡು' ಅಂದಳು. ನಾನು ಕ್ಯಾಲೆಂಡರ್ ಹಿಡಿದು ಕೂತು ಆ 30 ದಿನಗಳಲ್ಲಿ ದಿನದಿನಕ್ಕೆ ಏನಾಯಿತು ಅಂತ ಬರೆದೆ. ಎರಡನೇ ವಾರದಲ್ಲಿ ಭಾವ 9 ದಿನ ಆಸ್ಪತ್ರೆಯಲ್ಲಿದ್ದರು, ಬಂದ ಮೇಲೆ ಕೂರಲೂ ಆಗುತ್ತಿರಲಿಲ್ಲ, ನೋವಿನ ಮಾತ್ರೆಯಲ್ಲಿ ಅರ್ಧ ದಿನ ನಿದ್ದೆ. ನಮಗೆ ಅದು ಮಾಮೂಲಿ ಆಗಿಬಿಟ್ಟಿತ್ತು, ಕಾರಣ ಅಂತ ಅನ್ನಿಸಿಯೇ ಇರಲಿಲ್ಲ. ಕಾಯಿಲೆಯ ಮನೆಗಳಲ್ಲಿ ಹೀಗಾಗುತ್ತದೆ ಅಲ್ವಾ? ಅದನ್ನೇ ಮುಂದಿಟ್ಟೆವು, ಡಿಸ್ಚಾರ್ಜ್ ಸಮರಿ ಲಗತ್ತಿಸಿದೆವು. ಹಿಯರಿಂಗ್‌ಗೆ ಕರೆಯುತ್ತಾರೆ ಅಂತ ತಪ್ಪು ತಿಳಿದದ್ದನ್ನೂ ಮುಚ್ಚಿಡದೆ ಒಂದು ಸಾಲಿನಲ್ಲಿ ಹೇಳಿದೆವು.

ಈಗ ಮಾಡಬೇಕಾದ ಕೆಲಸ, ಕ್ರಮವಾಗಿ.

1. ಕಾರಣ ಕೇಳುವ ಆದೇಶ ಬಂದಿದ್ದರೆ ಅದರಲ್ಲಿ ಉತ್ತರಕ್ಕೆ ಒಂದು ತಾರೀಖು ಇರುತ್ತದೆ. ಅದನ್ನು ಮೊದಲು ಗುರುತು ಮಾಡಿ. ಒಂದು ಗಡುವು ತಪ್ಪಿದ್ದಕ್ಕೆ ಕೊಟ್ಟ ಎರಡನೇ ಗಡುವೂ ತಪ್ಪಿದರೆ ಕೇಳುವವರಿಲ್ಲ.

2. ಸರ್ಕಾರಿ ವಕೀಲರ ಇಮೇಲ್ ಅವರು ಹಾಕಿದ ಕಾಗದದ ಕೊನೆಯಲ್ಲಿರುತ್ತದೆ. 'ಬ್ರೀಫ್ ತಡವಾಗಿದೆ, ಸಮಯ ಕೇಳಿ ಅರ್ಜಿ ಹಾಕುತ್ತಿದ್ದೇನೆ, ನಿಮ್ಮ ಆಕ್ಷೇಪ ಇದೆಯೇ?' ಅಂತ ವಿನಯವಾಗಿ ಎರಡು ಸಾಲು ಬರೆಯಿರಿ. ನನಗೆ ಇದು ವಿಚಿತ್ರ ಅನ್ನಿಸಿತ್ತು, ಎದುರಾಳಿಯ ಹತ್ತಿರ ಏನು ಕೇಳುವುದು ಅಂತ. ಆದರೆ ಅವರೂ ಆಗಾಗ ಸಮಯ ಕೇಳುವವರೇ. ನಮಗೆ ಮಾರನೇ ದಿನವೇ ಆಕ್ಷೇಪ ಇಲ್ಲ ಅಂತ ಉತ್ತರ ಬಂತು, ಅದನ್ನು ಅರ್ಜಿಯಲ್ಲಿ ಬರೆದೆವು.

3. ಬ್ರೀಫನ್ನು ಬರೆದು ಮುಗಿಸಿ, ಅರ್ಜಿಯ ಜೊತೆಗೇ ಕೊಡಿ. ಇದಕ್ಕೆ ನಾನು ಜಾಸ್ತಿ ಒತ್ತು ಕೊಡುತ್ತೇನೆ. ಬರೀ ಸಮಯ ಕೇಳಿದರೆ ಜಡ್ಜ್‌ಗೆ ಕಾಣುವುದು ಇನ್ನಷ್ಟು ತಡ. ಬ್ರೀಫ್ ಕೈಯಲ್ಲೇ ಇದ್ದರೆ ತಡ ಅಲ್ಲಿಗೇ ಮುಗಿದಿರುತ್ತದೆ. ಹಾಗಂತ ಅರ್ಜಿ ಇಲ್ಲದೆ ಬ್ರೀಫ್ ಮಾತ್ರ ಸುಮ್ನೆ ಹಾಕಬೇಡಿ, ತಡವಾಗಿ ಬಂದ ಕಾಗದವನ್ನು ಅವರು ಪಕ್ಕಕ್ಕಿಡಬಹುದು.

4. ಅರ್ಜಿಯ ಜೊತೆ ನಿಮ್ಮ ಹೇಳಿಕೆ ಇರಲಿ. ನೋಟರಿ ಹತ್ತಿರ ಓಡಬೇಕಾಗಿಲ್ಲ. ಸುಳ್ಳು ಹೇಳಿದರೆ ಶಿಕ್ಷೆಗೆ ಒಳಗಾಗುತ್ತೇನೆ ಎಂದು ತಿಳಿದೇ ಇದು ನಿಜ ಅನ್ನುತ್ತಿದ್ದೇನೆ ಎಂಬ ಅರ್ಥದ ಸಾಲು, ತಾರೀಖು, ಸಹಿ ಇದ್ದರೆ ಫೆಡರಲ್ ಕೋರ್ಟಿನಲ್ಲಿ ಅದು ನಡೆಯುತ್ತದೆ.

ಬ್ರೀಫ್‌ನಲ್ಲಿ ಏನಿರಬೇಕು ಅನ್ನುವುದೇ ಇನ್ನೊಂದು ಲೇಖನ. ಒಂದು ಮಾತು ಹೇಳಿಬಿಡುತ್ತೇನೆ: ಭಾವನಿಗೆ ಎಷ್ಟು ನೋವಿದೆ ಅಂತ ಕಣ್ಣೀರು ಬರುವ ಹಾಗೆ ಬರೆದ ಮೊದಲ ಕರಡನ್ನು ನಾವು ಹರಿದುಹಾಕಿದೆವು. ಬೇಕಿದ್ದದ್ದು ಪುಟದ ನಂಬರ್. ಡಾಕ್ಟರು 15 ನಿಮಿಷಕ್ಕಿಂತ ಜಾಸ್ತಿ ಕೂರಲಾಗದು ಅಂತ ಬರೆದದ್ದು ಇಂಥ ಪುಟದಲ್ಲಿದೆ, ಇಲಾಖೆಯ ಜಡ್ಜ್ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಹೀಗೆ.

ನಾವು 26 ದಿನ ತಡವಾಗಿ ಕೊಟ್ಟೆವು. ಆದೇಶ ಮೂರು ಸಾಲಿನದು, ಬ್ರೀಫ್ ಸ್ವೀಕರಿಸಲಾಗಿದೆ ಅಂತ.

ವಜಾ ಆಗಿಯೇ ಬಿಟ್ಟಿದ್ದರೆ

ಆದೇಶದಲ್ಲಿ 'ವಿತೌಟ್ ಪ್ರೆಜುಡಿಸ್' ಅಂತ ಇದ್ದರೆ ಖುಷಿ ಪಡಬೇಡಿ. ಮತ್ತೆ ಕೇಸು ಹಾಕಬಹುದು ಅಂತ ಅದರ ಅರ್ಥ ನಿಜ, ಆದರೆ ಅಷ್ಟರಲ್ಲಿ ಮೊದಲಿನ 60 ದಿನ ಯಾವತ್ತೋ ಕಳೆದಿರುತ್ತದೆ. ಹೊಸ ಕೇಸು ಹಾಕಿದರೆ ಗಡುವು ಮೀರಿದೆ ಅಂತ ಅದನ್ನೂ ತಳ್ಳಬಹುದು. ಹೊಸದು ಹಾಕುವ ಬದಲು ಹಳೆಯದನ್ನೇ ಎಬ್ಬಿಸಲು ನೋಡಿ. ತೀರ್ಪು ದಾಖಲಾದ 28 ದಿನದೊಳಗೆ ಫೆಡರಲ್ ಸಿವಿಲ್ ಪ್ರಕ್ರಿಯೆಯ ನಿಯಮ 59(ಇ) ಅಡಿಯಲ್ಲಿ ತೀರ್ಪು ಬದಲಿಸಿ ಅಂತ ಕೇಳಬಹುದು. ಈ 28ನ್ನು ಜಡ್ಜ್ ಕೂಡ ವಿಸ್ತರಿಸಲಾರರು. ಅದು ದಾಟಿದ್ದರೆ ನಿಯಮ 60(ಬಿ). ತಪ್ಪು ಅಥವಾ ಕ್ಷಮಿಸಬಹುದಾದ ಅಜಾಗರೂಕತೆಯ ಕಾರಣಕ್ಕೆ ಹೆಚ್ಚೆಂದರೆ ಒಂದು ವರ್ಷದೊಳಗೆ, ಆದರೆ ವರ್ಷ ಇದೆ ಅಂತ ಹನ್ನೊಂದು ತಿಂಗಳು ಕೂತರೆ ಅದಕ್ಕೂ ಕಾರಣ ಕೇಳುತ್ತಾರೆ.

ಸರ್ಕ್ಯೂಟ್ ಕೋರ್ಟಿಗೆ ಅಪೀಲು ಹೋಗಲು ತೀರ್ಪಿನಿಂದ 60 ದಿನ. ತಪ್ಪಿದರೆ ಮುಂದಿನ 30 ದಿನದೊಳಗೆ ಡಿಸ್ಟ್ರಿಕ್ಟ್ ಕೋರ್ಟಿನಲ್ಲೇ ವಿಸ್ತರಣೆ ಕೇಳಬೇಕು. ಇಲ್ಲಿ ಕರುಣೆ ಇಲ್ಲ. 2007ರ ಬೋಲ್ಸ್ ವಿರುದ್ಧ ರಸೆಲ್ ಕೇಸಿನಲ್ಲಿ ಅಪೀಲಿನ ಅವಕಾಶವನ್ನು ಮತ್ತೆ ತೆರೆದ ಜಡ್ಜ್ ಬಾಯ್ತಪ್ಪಿ ನಿಯಮದ 14 ದಿನದ ಬದಲು 17 ದಿನ ಕೊಟ್ಟರು, ಆ ಮನುಷ್ಯ ಅದನ್ನು ನಂಬಿ 16ನೇ ದಿನ ಹೋದ, ಸುಪ್ರೀಂ ಕೋರ್ಟ್ 5-4ರಲ್ಲಿ ಆಗುವುದಿಲ್ಲ ಅಂದಿತು. ಜಡ್ಜ್ ಹೇಳಿದ ತಾರೀಖನ್ನೂ ನಿಯಮದ ಜೊತೆ ಹೋಲಿಸಿ ನೋಡಬೇಕಾದ ಕಾಲ!

ವಕೀಲರು ಇದ್ದೂ ಗಡುವು ತಪ್ಪಿದರೆ

ಅವರ ತಪ್ಪು ಸಾಮಾನ್ಯವಾಗಿ ನಿಮ್ಮ ತಪ್ಪೇ ಆಗುತ್ತದೆ, 1962ರ ಲಿಂಕ್ ವಿರುದ್ಧ ವಾಬಾಶ್ ತೀರ್ಪಿನಿಂದ ಹಾಗೇ ನಡೆದು ಬಂದಿದೆ. ಆದ್ದರಿಂದ 'ವಕೀಲರು ನೋಡಿಕೊಳ್ಳುತ್ತಾರೆ' ಅಂತ ಬಿಡಬೇಡಿ. ಪೇಸರ್ ಅನ್ನುವ ಜಾಲತಾಣದಲ್ಲಿ ನಿಮ್ಮ ಕೇಸಿನ ನಡೆಯನ್ನು ನೀವೇ ನೋಡಬಹುದು. ಮನೆ ಬದಲಾಯಿಸಿದರೆ ಸೋಶಿಯಲ್ ಸೆಕ್ಯೂರಿಟಿಗೆ ಹೇಳಿದ್ದು ಕೋರ್ಟಿಗೆ ತಿಳಿಯುವುದಿಲ್ಲ. ವಕೀಲರಿಲ್ಲದೆ ಕೇಸು ನಡೆಸುವವರು ಕ್ಲರ್ಕ್ ಆಫೀಸಿಗೆ ಬೇರೆಯಾಗಿ ಬರೆದುಕೊಡಬೇಕು. ಕೌಂಟರಿನವರು ಕಾನೂನು ಸಲಹೆ ಕೊಡುವುದಿಲ್ಲ, ಆದರೆ ಯಾವ ಫಾರಂ, ಎಷ್ಟು ಪ್ರತಿ ಅಂತ ಕೇಳಿದರೆ ಹೇಳುತ್ತಾರೆ.

ಎಲ್ಲ ಬಾಗಿಲೂ ಮುಚ್ಚಿದರೆ

ಹೊಸದಾಗಿ ಅರ್ಜಿ ಹಾಕಬಹುದು. ಹಾಕುವ ಮುಂಚೆ 'ಡೇಟ್ ಲಾಸ್ಟ್ ಇನ್ಶೂರ್ಡ್', ಅಂದರೆ ನಿಮ್ಮ ವಿಮೆಯ ಕೊನೆಯ ದಿನ, ಯಾವುದು ಅಂತ ಸೋಶಿಯಲ್ ಸೆಕ್ಯೂರಿಟಿ ಆಫೀಸಿನಲ್ಲಿ ಕೇಳಿ. ಎಸ್‌ಎಸ್‌ಡಿಐ ಅಂದರೆ ಸಂಬಳದಿಂದ ಕಡಿತವಾದ ತೆರಿಗೆಯ ಮೇಲೆ ನಿಂತ ವಿಮೆ. 31 ದಾಟಿದವರಿಗೆ ಸಾಮಾನ್ಯವಾಗಿ ಕಾಯಿಲೆ ಶುರುವಾಗುವ ಹಿಂದಿನ 10 ವರ್ಷದಲ್ಲಿ 5 ವರ್ಷದಷ್ಟು ದುಡಿಮೆ ಇಲ್ಲಿ ಆಗಿರಬೇಕು. ಭಾರತದಲ್ಲಿ ದುಡಿದದ್ದು ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ನಿಂತ ಮೇಲೆ ಆ ವಿಮೆಯ ಅವಧಿ ಒಂದು ದಿನ ಮುಗಿಯುತ್ತದೆ. ಅದು ಮುಗಿಯುವ ಮೊದಲೇ ಕಾಯಿಲೆಯಿಂದ ಕೆಲಸ ಮಾಡಲಾಗದ ಸ್ಥಿತಿ ಬಂದಿತ್ತು ಅಂತ ಹೊಸ ಅರ್ಜಿಯಲ್ಲಿ ತೋರಿಸಬೇಕಾಗುತ್ತದೆ. ಹಳೆಯ ಕೇಸಿನಲ್ಲಿ ತೀರ್ಮಾನವಾದ ದಿನಗಳನ್ನು ಮತ್ತೆ ಕೇಳಿದರೆ, ಆಗಲೇ ಮುಗಿದ ವಿಷಯ ಅನ್ನಬಹುದು.

ಮೊದಲ ತೀರ್ಮಾನದ ಪತ್ರದ ತಾರೀಖನ್ನೂ ಹುಡುಕಿಡಿ. ಅದಾಗಿ 12 ತಿಂಗಳೊಳಗೆ ಯಾವುದೇ ಕಾರಣಕ್ಕೆ, ಎಸ್‌ಎಸ್‌ಡಿಐಯಲ್ಲಿ 4 ವರ್ಷ ಮತ್ತು ಎಸ್‌ಎಸ್‌ಐಯಲ್ಲಿ 2 ವರ್ಷದೊಳಗೆ ಒಳ್ಳೆಯ ಕಾರಣ ಇದ್ದರೆ ಹಳೆಯ ಕಡತವನ್ನು ಮತ್ತೆ ತೆರೆಯುವ ಅಧಿಕಾರ ಇಲಾಖೆಗೆ ಇದೆ. ತೆರೆಯಲೇಬೇಕು ಅಂತೇನಿಲ್ಲ. ಹೊಸ ಅರ್ಜಿಯ ಜೊತೆಯಲ್ಲೇ ಅದನ್ನೂ ಬರವಣಿಗೆಯಲ್ಲಿ ಕೇಳಿ. ದುಭಾಷಿ ಬೇಕಿದ್ದರೆ ಮೊದಲ ಫೋನಿನಲ್ಲೇ ಕನ್ನಡ ಅಂತ ಹೇಳಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.